ಮಗ್ಗದ ಕುಣಿಯ ತಂಪು

ಬೈಲಹೊಂಗಲದಿಂದ ಸವದತ್ತಿಯ ಮೇಲೆ ಹಾಯ್ದು ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಹತ್ತಿಯ ಸುಗ್ಗಿಯ ದಿನಗಳಲ್ಲಿ ಪಯಣ ಮಾಡಿದವರು ಒಂದು ನೋಟವನ್ನು ಮರೆಯಲಾರರು. ಹತ್ತಿ ಹೇರಿಕೊಂಡು ಪೇಟೆಗೆ ಸಾಗುವ ಬಂಡಿಗಳಿಂದ ಉದುರಿದ ಅರಳೆಯ ಚೂರುಗಳು ದಾರಿಯ ಎರಡೂ ಅಂಚಿನ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡು, ಗಿಡಗಳೆಲ್ಲ ಬಿಳಿಯ ಹೂ ಬಿಟ್ಟಂತೆ ತೋರುತ್ತವೆ. ಬಂಡಿಗಳ ಬದಲು ಈಗ ಟ್ರ್ಯಾಕ್ಟರುಗಳು ಬಂದಿವೆ. ಜಾಲಿಯ ಹೂ ಮಾತ್ರ ಹಾಗೆಯೇ ಉಳಿದಿದೆ. ಶಾಸನಗಳು ತೊರಗಲೆ ಆರುಸಾವಿರವೆಂದು ಕರೆದ ಈ ನಾಡು ಎರೆಭೂಮಿಯ ನಾಡು. ಬಿಳಿಜೋಳದ ಮತ್ತು ಹತ್ತಿಯ ನಾಡು. ಒಂದು ಹೊಟ್ಟೆಯನ್ನು ತುಂಬಿತು, ಇನ್ನೊಂದು ಮೈಯನ್ನು ಮುಚ್ಚಿತು. ಇವೆರಡರ ನಡುವೆ ಇನ್ನೂ ಹತ್ತಿರದ ನಂಟೊಂದು ಉಂಟೆಂಬುದನ್ನು ಮುಂದೆ ಹೇಳುತ್ತೇನೆ.

ಅರಳೆಯ ಎಳೆಯಲ್ಲಿ ಅಡಗಿರುವ ಒಂದು ಸಣ್ಣ ಸಂಗತಿಯನ್ನು ಕುರಿತು ನಾನು ಮೂವತ್ತೆರಡು ವರ್ಷ ಕಾಲೇಜಿನ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ರಸಾಯನಶಾಸ್ತ್ರದಲ್ಲಿ ಅದಕ್ಕೆ ಜಲಜನಕ ಬಂಧವೆಂದು ಹೆಸರು. ಈಗಿನ ವಿದ್ಯಾರ್ಥಿಗಳು ಹೈಡ್ರೋಜನ್ ಬಂಧ ಎನ್ನುತ್ತಾರೆ. ವರ್ಷ ವರ್ಷವೂ ಅದೇ ಪಾಠ, ಅದೇ ಕರಿಹಲಗೆ. ಆದರೂ ಆ ಪಾಠದ ದಿನ ಬಂದಾಗಲೆಲ್ಲ ರಾಮದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿದ್ದ ನನ್ನ ಸೋದರಮಾವನ ಮನೆಯೂ ಅದರ ಪಡಸಾಲೆಯಲ್ಲಿದ್ದ ಕುಣಿಮಗ್ಗವೂ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಆ ಕುಣಿಯನ್ನು ಮುಚ್ಚಿಸಿದವನು ನಾನು. ಶಾಸ್ತ್ರವನ್ನು ಅಷ್ಟಿಷ್ಟು ಓದಿದ ಹಮ್ಮಿನಲ್ಲಿ ಮುಚ್ಚಿಸಿದೆ. ಇನ್ನಷ್ಟು ಓದಿದ ಮೇಲೆ ಮಾಡಿದ್ದೇನೆಂಬುದು ತಿಳಿಯಿತು. ಈ ವಯಸ್ಸಿನಲ್ಲಾದರೂ ಅದನ್ನು ನಾಲ್ಕು ಜನರ ಮುಂದೆ ಹೇಳಿಬಿಡಬೇಕೆಂದು ತೋರಿದ್ದರಿಂದ ಈ ಬರೆಹ.

ಕುಣಿಮಗ್ಗವನ್ನು ನೋಡದವರಿಗಾಗಿ ಎರಡು ಮಾತು. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ತಗ್ಗು ತೋಡಿರುತ್ತಾರೆ. ನೇಕಾರನು ಅದರ ದಂಡೆಯ ಮೇಲೆ ಕುಳಿತು ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಅಲ್ಲಿರುವ ಮೆಟ್ಟುಗೋಲುಗಳನ್ನು ತುಳಿಯುತ್ತಾನೆ. ಮೇಲೆ ಕೈ ಲಾಳಿಯನ್ನು ಓಡಿಸುತ್ತದೆ. ಹಾಸಿನ ಎಳೆಗಳು ನೆಲಕ್ಕೆ ತೀರ ಹತ್ತಿರದಲ್ಲಿ ಹರಡಿಕೊಂಡಿರುತ್ತವೆ. ಕುಣಿಯ ಗೋಡೆಗಳು ಮಣ್ಣಿನವು. ಬೇಸಗೆಯಲ್ಲಿ ಸಹ ಅಲ್ಲಿ ಕೈಯಿಟ್ಟರೆ ತಣ್ಣಗೆ ಹತ್ತುತ್ತಿತ್ತು. ಮಾವ ಅದಕ್ಕೂ ಒಂದು ವಿನೋದವನ್ನು ಇಟ್ಟುಕೊಂಡಿದ್ದ. ನಮ್ಮ ಕಡೆ ಹೆಣ ಹೂಳುವ ತಗ್ಗಿಗೂ ಕುಣಿಯೆಂದೇ ಹೆಸರು. “ದಿನಾ ಕುಣಿಗೆ ಇಳಿಯಾಂವ ನೇಕಾರ ಒಬ್ಬನ. ಕಡೀಕ ಇಳಿಯೂ ದಿನ ಅವಗೇನ ಹೊಸಾದು ಇರತೈತಿ?” ಎಂದು ನಗುತ್ತಿದ್ದ.

೧೯೭೪ರ ಮಾತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಕಾಲೇಜೊಂದರಲ್ಲಿ ನಾನು ಆಗತಾನೆ ಕೆಲಸಕ್ಕೆ ಸೇರಿದ್ದೆ. ಶಿವರಾತ್ರಿಗೆ ಮಾವನ ಮನೆಗೆ ಹೋದಾಗ ಅವನು ಗೋಡೆ ಹಿಡಿದುಕೊಂಡು ಏಳುತ್ತಿದ್ದುದನ್ನು ಕಂಡೆ. ವಯಸ್ಸು ಐವತ್ತು ದಾಟಿರಲಿಲ್ಲ. ಮೊಳಕಾಲು ಮಾತ್ರ ಎಪ್ಪತ್ತರ ಮುದುಕನಂತಾಗಿದ್ದವು. ದಿನಕ್ಕೆ ಹತ್ತು ತಾಸು ತಣ್ಣನೆಯ ತಗ್ಗಿನಲ್ಲಿ ಕಾಲಿಟ್ಟುಕೊಂಡರೆ ಇನ್ನೇನಾದೀತು ಎಂದು ನನಗೆ ಮರುಕವೂ ಸಿಟ್ಟೂ ಬಂದವು. ಹಿತ್ತಲಲ್ಲಿ ಒಂದು ಎತ್ತರದ ಕಟ್ಟೆ ಕಟ್ಟಿಸಿ, ಸಿಮೆಂಟಿನ ನೆಲ ಮಾಡಿಸಿ, ಮೇಲೆ ತಗಡು ಹೊದಿಸಿ, ನಿಲುಮಗ್ಗ ಹಾಕಿಕೊಂಡರೆ ಗಾಳಿ ಬೆಳಕೂ ಆದೀತು, ಕಾಲೂ ಉಳಿದೀತು ಎಂದು ಹೇಳಿದೆ. ಖರ್ಚನ್ನು ನಾನೇ ಕೊಡುತ್ತೇನೆಂದೆ.

ಮಾವ ಬಹಳ ಹೊತ್ತು ಸುಮ್ಮನಿದ್ದು, “ನೂಲಿಗೆ ತಂಪು ಬೇಕೋ ತಮ್ಮಾ. ಒಣ ನೂಲು ಸಿಟ್ಟಿನ ಮನಿಶ್ಯಾ ಇದ್ದಂಗ, ಮುಟ್ಟಿದರ ಹರೀತೈತಿ” ಎಂದ.

“ಮಾಮಾ, ನೂಲು ಹರಿಯೂದು ಗಂಜಿ ಕಡಿಮಿ ಆದರ. ತಂಪು ಹಿಡದ ನೂಲು ಮೆತ್ತಗಾಗಿ ಇನ್ನೂ ಲಗೂನ ಹರೀಬೇಕು” ಎಂದೆ ನಾನು. ಈ ಮಾತನ್ನು ಯಾವ ಪುಸ್ತಕದಲ್ಲಿಯೂ ನಾನು ಓದಿರಲಿಲ್ಲ. ನೆನೆದ ಕಾಗದ ಹರಿಯುತ್ತದೆ, ನೆನೆದ ಗೋಡೆ ಕುಸಿಯುತ್ತದೆ. ಆದ್ದರಿಂದ ನೆನೆದ ನೂಲೂ ಹರಿಯಬೇಕೆಂದು ನನ್ನ ಊಹೆ. ಊಹೆಗೆ ಶಾಸ್ತ್ರದ ಧ್ವನಿ ಕೊಡುವುದು ಓದಿದವರಿಗೆ ಸುಲಭ. ಓದದವರಿಗೆ ಎದುರಾಡುವುದು ಕಷ್ಟ. ಮಾವ ಒಪ್ಪಿದ. ಮಗ್ಗ ಮೇಲೇರಿತು. ಹಳೆಯ ಕುಣಿಗೆ ಎರಡು ಬಂಡಿ ಮಣ್ಣು ಬಿತ್ತು.

ಬಸವ ಜಯಂತಿಯ ಮದುವೆಗಳ ಹೊತ್ತಿಗೆ ಎಂಟು ಸೀರೆ ನೇಯ್ದು ಕೊಡುವ ಕರಾರಿನ ಮೇಲೆ ಮಾವ ವ್ಯಾಪಾರಿಯೊಬ್ಬರಿಂದ ನೂಲು ತಂದಿದ್ದ. ಯುಗಾದಿ ಕಳೆಯಿತು, ಬಿಸಿಲು ಏರಿತು. ಎರೆಯ ಸೀಮೆಯ ಚೈತ್ರದ ಮಧ್ಯಾಹ್ನದ ಗಾಳಿ ಎಷ್ಟು ಒಣಗಿರುತ್ತದೆಂಬುದನ್ನು ಬಲ್ಲವರು ಬಲ್ಲರು. ತಗಡಿನ ಕೆಳಗೆ ಹಾಸಿನ ಎಳೆಗಳು ಒಂದೊಂದಾಗಿ ಪಟಪಟನೆ ಹರಿಯತೊಡಗಿದವು. ಹರಿದ ಎಳೆಯನ್ನು ಹುಡುಕಬೇಕು, ಗಂಟು ಹಾಕಬೇಕು, ಮತ್ತೆ ಲಾಳಿ ಹೊಡೆಯಬೇಕು. ಅಷ್ಟರಲ್ಲಿ ಇನ್ನೊಂದು ಎಳೆ. ನಾನು ಹೇಳಿದಂತೆ ಗಂಜಿಯನ್ನು ದಟ್ಟ ಮಾಡಿ ಹಚ್ಚಿದರೆ ಅದು ಒಣಗಿ ಹೊಟ್ಟಿನಂತೆ ಉದುರಿ ಹೋಗುತ್ತಿತ್ತು. ಎಂಟರಲ್ಲಿ ಮೂರು ಸೀರೆಗಳು ಸಕಾಲಕ್ಕೆ ಮುಟ್ಟಿದವು. ನಾಲ್ಕನೆಯದು ಗಂಟುಗಳಿಂದ ತುಂಬಿ ತಿರುಗಿ ಬಂತು. ಮುಂದಿನ ನೂಲು ಬೇರೆ ಮನೆಗೆ ಹೋಯಿತು.

ಮಾವ ನನಗೆ ಒಂದು ಮಾತನ್ನೂ ಆಡಲಿಲ್ಲ. ಆ ವರ್ಷ ಮಳೆಗಾಲದ ಮೊದಲಲ್ಲಿ, ನೋಯುವ ಮೊಳಕಾಲಿನಲ್ಲಿಯೇ, ಹಳೆಯ ಕುಣಿಯ ಮಣ್ಣನ್ನು ತಾನೇ ತೋಡಿ ತೆಗೆದನೆಂದು ಅತ್ತೆಯಿಂದ ಕೇಳಿದೆ.

ಅದೇ ಮಳೆಗಾಲದಲ್ಲಿ ಧಾರವಾಡದ ಗ್ರಂಥಾಲಯದಲ್ಲಿ ನೂಲಿನ ರಸಾಯನವನ್ನು ಕುರಿತ ಒಂದು ಪುಸ್ತಕ ಕೈಗೆ ಬಂತು. ಅದರಲ್ಲೊಂದು ಕೋಷ್ಟಕ: ಬೇರೆ ಬೇರೆ ನಾರುಗಳು ಒಣಗಿದಾಗ ಎಷ್ಟು ಭಾರ ತಡೆಯುತ್ತವೆ, ತೊಯ್ದಾಗ ಎಷ್ಟು ತಡೆಯುತ್ತವೆ ಎಂಬ ಲೆಕ್ಕ. ಬಹುತೇಕ ನಾರುಗಳು ತೊಯ್ದಾಗ ಸೋಲುತ್ತವೆ. ಹತ್ತಿ ಮಾತ್ರ ತೊಯ್ದಾಗ ನೂರಕ್ಕೆ ೧೦ರಿಂದ ೨೦ರಷ್ಟು ಹೆಚ್ಚು ಗಟ್ಟಿಯಾಗುತ್ತದೆ ಎಂದಿತ್ತು. ಮಾವನ “ತಂಪು” ಅಲ್ಲಿ ಅಂಕಿಗಳ ರೂಪದಲ್ಲಿ ಕುಳಿತಿತ್ತು. ಆ ಪುಟವನ್ನು ತೆರೆದಿಟ್ಟುಕೊಂಡು ನಾನು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು.

ಇದಕ್ಕೆ ಕಾರಣವೇನು? ಶಾಸ್ತ್ರದ ಮಾತೆಂದು ವಾಚಕರು ಬೇಸರಪಡದೆ ಸ್ವಲ್ಪ ದೂರ ನನ್ನೊಡನೆ ಬರಬೇಕು.

ಹತ್ತಿಯೆಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸೆಲ್ಯುಲೋಸ್ ಎಂಬ ಒಂದೇ ಪದಾರ್ಥ. ಗಿಡಮರಗಳಿಂದ ಇದನ್ನು ಬೇರ್ಪಡಿಸಿ ೧೮೩೮ರಲ್ಲಿ ಜಗತ್ತಿಗೆ ತಿಳಿಸಿದವನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಆದರೆ ಅದು ಒಳಗೆ ಹೇಗಿದೆಯೆಂಬುದು ತಿಳಿಯಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ಇಂಥ ಪದಾರ್ಥಗಳಲ್ಲಿ ಸಣ್ಣ ಅಣುಗಳು ಸಾವಿರ ಸಾವಿರವಾಗಿ ಒಂದರ ಬಾಲಕ್ಕೆ ಇನ್ನೊಂದು ಕೂಡಿಕೊಂಡು ಉದ್ದನೆಯ ಸರಪಳಿಗಳಾಗಿವೆಯೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ ೧೯೨೦ರಲ್ಲಿ ಸಾರಿದಾಗ ಹಿರಿಯ ವಿಜ್ಞಾನಿಗಳು ಒಪ್ಪಲಿಲ್ಲ. ಪಟ್ಟು ಬಿಡದೆ ಸಾಧಿಸಿದ ಅವನಿಗೆ ೧೯೫೩ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇಂದು ನಾವು ಪಾಲಿಮರ್ ಎನ್ನುವುದು ಈ ಸರಪಳಿಯಣುಗಳನ್ನೇ. ಹತ್ತಿಯ ಒಂದು ಸರಪಳಿಯಲ್ಲಿ ಸುಮಾರು ೧೦,೦೦೦ ಕೊಂಡಿಗಳಿರುತ್ತವೆ. ಪ್ರತಿಯೊಂದು ಕೊಂಡಿಯೂ ಗ್ಲೂಕೋಸ್ ಎಂಬ ಸಕ್ಕರೆಯ ಒಂದು ಅಣು.

ಸರಪಳಿ ಎಷ್ಟೇ ಉದ್ದವಿರಲಿ, ಒಂದು ಸರಪಳಿಯಿಂದ ನೂಲಾಗದು. ಅಕ್ಕಪಕ್ಕದ ಸರಪಳಿಗಳು ಒಂದನ್ನೊಂದು ಹಿಡಿದುಕೊಳ್ಳಬೇಕು. ಆ ಹಿಡಿತವೇ ಜಲಜನಕ ಬಂಧ. ಇದನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಅಮೆರಿಕದ ಲ್ಯಾಟಿಮರ್ ಮತ್ತು ರೋಡಬುಷ್. ಸ್ವಾರಸ್ಯವೆಂದರೆ ಅದೂ ೧೯೨೦ನೆಯ ವರ್ಷವೇ. ಗ್ಲೂಕೋಸಿನ ಪ್ರತಿ ಕೊಂಡಿಯ ಮೈಯಿಂದ ಮೂರು ಕಡೆ ಆಮ್ಲಜನಕ–ಜಲಜನಕಗಳ ಜೋಡಿಗಳು ಹೊರಚಾಚಿಕೊಂಡಿರುತ್ತವೆ. ಆ ಜೋಡಿಯಲ್ಲಿ ಆಮ್ಲಜನಕವು ಆಸೆಬುರುಕ. ಇಬ್ಬರಿಗೂ ಸೇರಿದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬರಿದಾದ ಜಲಜನಕವು ನೆರೆಯ ಸರಪಳಿಯಲ್ಲಿರುವ ಇನ್ನೊಂದು ಆಮ್ಲಜನಕದ ಕಡೆಗೆ ವಾಲುತ್ತದೆ. ಇಷ್ಟೇ. ಇದು ಗಟ್ಟಿ ಮದುವೆಯಲ್ಲ; ನೆರೆಹೊರೆಯ ಆಸರೆ. ಸರಪಳಿಯೊಳಗೆ ಇಂಗಾಲಕ್ಕೂ ಇಂಗಾಲಕ್ಕೂ ಇರುವ ಬಂಧವನ್ನು ಕಡಿಯಲು ೮೦ ಪಾಲು ಶಕ್ತಿ ಬೇಕಾದರೆ, ಜಲಜನಕ ಬಂಧವನ್ನು ಕಳಚಲು ಸುಮಾರು ೫ ಪಾಲು ಸಾಕು.

ಆದರೆ ಅವುಗಳ ಎಣಿಕೆಯನ್ನು ನೋಡಬೇಕು. ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನೆಸಿಕೊಳ್ಳಿ. ಹಗ್ಗಕ್ಕೆ ಹಚ್ಚಿದ ಒಂದು ಕೈಯಿಂದ ಏನೂ ಆಗದು. ಅದು ನಡುವೆ ಬಿಟ್ಟು ಬೆವರು ಒರೆಸಿಕೊಂಡು ಮತ್ತೆ ಹಿಡಿಯಬಹುದು. ಆದರೂ ನೂರಾರು ಕೈಗಳು ಹಿಡಿದಾಗ ತೇರು ಪಾದಗಟ್ಟೆ ಮುಟ್ಟಿ ಬರುತ್ತದೆ. ಸಾವಿರಾರು ಕೊಂಡಿಗಳ ಉದ್ದಕ್ಕೂ ಸರಪಳಿ ಸರಪಳಿಯನ್ನು ಹೀಗೆ ಹಿಡಿದಿರುವುದರಿಂದಲೇ ಅರಳೆಯ ಎಳೆಗೆ ಬಲ ಬಂದಿದೆ. ಮತ್ತು ಪ್ರತಿಯೊಂದು ಹಿಡಿತವೂ ಬಿಟ್ಟು ಹಿಡಿಯಬಲ್ಲದ್ದಾದ್ದರಿಂದಲೇ ಹತ್ತಿಯ ಬಟ್ಟೆಗೆ ಅದರ ಗುಣಗಳೆಲ್ಲ ಬಂದಿವೆ, ದೋಷಗಳೂ ಬಂದಿವೆ.

ಈ ಹಿಡಿತವನ್ನು ಬಿಡಿಸಬಲ್ಲವರು ಇಬ್ಬರು: ಕಾವು ಮತ್ತು ನೀರು. ನೀರಿನ ಅಣುವಿನಲ್ಲಿಯೂ ಅದೇ ಆಮ್ಲಜನಕ, ಅದೇ ಜಲಜನಕ. ಅದು ಸರಪಳಿಗಳ ನಡುವೆ ನುಸುಳಿ, ಅವುಗಳ ಕೈ ಬಿಡಿಸಿ ತಾನೇ ಎರಡೂ ಕೈ ಹಿಡಿಯುತ್ತದೆ. ಒಗೆದ ಧೋತರ ಸುಕ್ಕಾಗುವುದು ಇದರಿಂದ: ನೀರು ಸಡಿಲಿಸಿದ ಸರಪಳಿಗಳು, ಬಟ್ಟೆ ಮುದುಡಿದ ಆಕಾರದಲ್ಲಿಯೇ ಒಣಗಿ ಮತ್ತೆ ಕೈ ಹಿಡಿದುಬಿಡುತ್ತವೆ. ಇಸ್ತ್ರಿ ಮಾಡುವವನು ನೀರು ಚಿಮುಕಿಸಿ ಬಿಸಿ ಒತ್ತುವುದೂ ಇದಕ್ಕಾಗಿಯೇ. ಅವನು ಹಿಡಿದ ಕೈಗಳನ್ನು ಬಿಡಿಸಿ, ಸರಿಯಾಗಿ ಸಾಲು ನಿಲ್ಲಿಸಿ, ನೀರನ್ನು ಹೊರಗಟ್ಟಿ, ಮತ್ತೆ ಕೈ ಹಿಡಿಸುತ್ತಾನೆ.

ಹಾಗಾದರೆ ನೀರು ಹೊಕ್ಕ ನೂಲು ದುರ್ಬಲವಾಗಬೇಕಲ್ಲವೇ? ಮಾವನ ಪಡಸಾಲೆಯಲ್ಲಿ ನಾನು ವಾದಿಸಿದ್ದೂ ಅದನ್ನೇ. ನನಗೆ ತಿಳಿಯದಿದ್ದ ಸಂಗತಿ ಇದು: ಹತ್ತಿಯ ಎಳೆಯ ಒಳಗೆ ಸರಪಳಿಗಳು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಹೆಚ್ಚು ಭಾಗದಲ್ಲಿ ಅವು ಒಟ್ಟಿದ ಕಣಿಕೆಯಂತೆ ಒತ್ತಾಗಿ, ನೇರವಾಗಿ ಮಲಗಿವೆ; ಅಲ್ಲಿಗೆ ನೀರು ನುಸುಳಲಾರದು. ನಡುನಡುವೆ ಕೆಲವು ಕಡೆ ಅವು ಚೆಲ್ಲಾಪಿಲ್ಲಿಯಾಗಿವೆ. ನೀರು ಹೋಗುವುದು ಅಲ್ಲಿಗೆ. ಎಳೆ ಒಣಗಿದಾಗ ಈ ಚೆಲ್ಲಾಪಿಲ್ಲಿಯ ಸರಪಳಿಗಳು ಎಲ್ಲಿದ್ದವೋ ಅಲ್ಲಿಯೇ ಬಿಗಿದುಕೊಂಡುಬಿಡುತ್ತವೆ. ಕೆಲವು ಜಗ್ಗಿಕೊಂಡು, ಕೆಲವು ಸಡಿಲಾಗಿ. ಆಗ ಎಳೆಯನ್ನು ಜಗ್ಗಿದರೆ ಭಾರವೆಲ್ಲ ಜಗ್ಗಿಕೊಂಡವುಗಳ ಮೇಲೆ ಬಿದ್ದು ಅವು ಹರಿಯುತ್ತವೆ. ಭಾರ ಉಳಿದವುಗಳಿಗೆ ದಾಟಿ ಅವೂ ಹರಿಯುತ್ತವೆ. ತುಸು ನೀರಿದ್ದರೆ ಬಿಗಿದ ಸರಪಳಿ ಕೊಂಚ ಜಾರಿ ಕೊಡುತ್ತದೆ, ಸಡಿಲಾದದ್ದು ಹಗ್ಗಕ್ಕೆ ಕೈ ಹಚ್ಚುತ್ತದೆ, ಭಾರ ಎಲ್ಲರಿಗೂ ಹಂಚಿಹೋಗುತ್ತದೆ. ಕುಣಿಯ ತಂಪು ನೂಲಿಗೆ ಮಾಡುತ್ತಿದ್ದ ಉಪಕಾರ ಇದು.

ಇನ್ನು ಗಂಜಿಯ ವಿಷಯ. ನಮ್ಮ ಕಡೆಯ ಊರುಗಳಲ್ಲಿ ನಸುಕಿನಲ್ಲಿಯೇ ಓಣಿಯ ಉದ್ದಕ್ಕೆ ಹಾಸು ಹೂಡಿ, ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಬಿಸಿಲೇರುವ ಮುನ್ನ ಆ ಕೆಲಸ ಮುಗಿಯಬೇಕು. ಗಂಜಿಯೆಂದರೆ ಪಿಷ್ಟ, ಅದೂ ಗ್ಲೂಕೋಸಿನ ಸರಪಳಿಯೇ. ಮೊದಲು ನಾನು ಹೇಳಿದ ಜೋಳ–ಹತ್ತಿಗಳ ನಂಟು ಇದು. ಒಂದೇ ಸಕ್ಕರೆಯಿಂದ ಎರೆಹೊಲವು ರೊಟ್ಟಿಯನ್ನೂ ಕೊಟ್ಟಿತು, ಧೋತರವನ್ನೂ ಕೊಟ್ಟಿತು. ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಪಿಷ್ಟದಲ್ಲಿ ಕೊಂಡಿಗಳೆಲ್ಲ ಒಂದೇ ಮಗ್ಗುಲಾಗಿ ಕೂಡಿರುವುದರಿಂದ ಸರಪಳಿ ಸುರುಳಿಯಾಗುತ್ತದೆ. ನೀರು ಸುಲಭವಾಗಿ ಹೋಗುತ್ತದೆ, ನಮ್ಮ ಹೊಟ್ಟೆಯೂ ಅದನ್ನು ಅರಗಿಸುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಕೊಂಡಿ ಮಗ್ಗುಲು ಬದಲಿಸಿರುವುದರಿಂದ ಸರಪಳಿ ಕೋಲಿನಂತೆ ನೆಟ್ಟಗಿರುತ್ತದೆ. ಅದನ್ನು ಅರಗಿಸುವ ಶಕ್ತಿ ನಮಗಿಲ್ಲ. ಕಣಿಕೆ ತಿನ್ನುವ ಎತ್ತಿಗೆ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ದಯೆಯಿಂದ, ಉಂಟು.

ಅತ್ತೆ ರೊಟ್ಟಿ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹೊಯ್ದು ನಾದುತ್ತಿದ್ದಳು. ತಣ್ಣೀರಲ್ಲಿ ಕಲಸಿದರೆ ಜೋಳದ ಹಿಟ್ಟು ಬಿರುಕುಬಿಡುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಪಿಷ್ಟದ ಹರಳುಗಳೊಳಗೆ ನುಗ್ಗಿ, ಸರಪಳಿಗಳ ಪರಸ್ಪರ ಹಿಡಿತವನ್ನು ಬಿಡಿಸಿ ಉಬ್ಬಿಸುತ್ತದೆ. ಆ ಸಡಿಲ ಸರಪಳಿಗಳೇ ಹಿಟ್ಟನ್ನು ಹಿಡಿದು ನಿಲ್ಲಿಸುವ ಅಂಟಾಗುತ್ತವೆ. ತಣ್ಣಗಾದ ರೊಟ್ಟಿ ಬಿರುಸಾಗುವುದು ಅವು ಮತ್ತೆ ಕೈ ಹಿಡಿದುಕೊಂಡಾಗ. ಗಂಜಿಯೂ ಹಾಗೆಯೇ: ಕುದಿಸಿ ಹಚ್ಚಿದಾಗ ಪಿಷ್ಟದ ಸರಪಳಿ ಹತ್ತಿಯ ಸರಪಳಿಯನ್ನು ಜಲಜನಕ ಬಂಧದಿಂದ ಹಿಡಿದು, ನೂಲಿನ ಮೇಲೆ ಬಾಗುವ ಪೊರೆಯಾಗುತ್ತದೆ. ಆ ಪೊರೆ ಬಾಗಬೇಕಾದರೆ ಅದರಲ್ಲಿ ತುಸು ನೀರು ಉಳಿದಿರಬೇಕು. ಪೂರ್ತಿ ಒಣಗಿದರೆ ಕಟಕಲು ರೊಟ್ಟಿಯಂತೆ ಮುರಿಯುತ್ತದೆ. ತಗಡಿನ ಕೆಳಗೆ ಉದುರಿದ ಹೊಟ್ಟು ಅದೇ. ಒಲೆಯ ಮುಂದೆ ಅತ್ತೆಯೂ ಕುಣಿಯಲ್ಲಿ ಮಾವನೂ ಒಂದೇ ಬಂಧವನ್ನು ದಿನವೂ ಕಟ್ಟಿ ಬಿಡಿಸಿ ಮಾಡುತ್ತಿದ್ದರು. ಅದರ ಹೆಸರು ಮಾತ್ರ ನನಗೆ ಗೊತ್ತಿತ್ತು.

ದೀಪಾವಳಿಗೆ ಹೋದಾಗ ಕೋಷ್ಟಕವನ್ನು ಬರೆದುಕೊಂಡು ಹೋಗಿದ್ದೆ. ಮಾವನ ಮುಂದೆ ಕುಳಿತು ತಪ್ಪೊಪ್ಪಿಕೊಂಡೆ. “ಅದನ್ನ ನಾ ಆವತ್ತ ಹೇಳಿದ್ದೆ ಅಲ್ಲೋ” ಎಂದನೇ ಹೊರತು ಅದರಲ್ಲಿ ಕೊಂಕಿರಲಿಲ್ಲ. ಆಮೇಲೆ, “ಹಂಗಾರ ನೀರು ಒಳಗ ಹೋಗಿ ಏನ ಮಾಡತೈತಿ, ಬಿಡಿಸಿ ಹೇಳು” ಎಂದ. ತೇರಿನ ಹಗ್ಗದ ದೃಷ್ಟಾಂತ ಅಂದು ಅವನಿಗಾಗಿ ಹೊಳೆದದ್ದು. ಕಿವಿಗೊಟ್ಟು ಕೇಳಿದ. ಕೊನೆಗೆ ಒಂದು ಪ್ರಶ್ನೆ ಹಾಕಿದ: “ಹತ್ತಿ ನೂಲು ತೊಯ್ದರ ಗಟ್ಟಿ. ಚಮಕಾ ತೊಯ್ದರ ಹರೀತೈತಿ. ಅದ್ಯಾಕ?”

ಚಮಕಾ ಎಂದರೆ ನಮ್ಮ ನೇಕಾರರು ಸೀರೆಗೆ ಬಳಸುವ ಕೃತಕ ರೇಷ್ಮೆ, ಅಂದರೆ ರೇಯಾನ್. ಅದೂ ಸೆಲ್ಯುಲೋಸೇ ಆದುದರಿಂದ ಪ್ರಶ್ನೆ ನೇರವಾಗಿ ನನ್ನ ವಿವರಣೆಯ ಬುಡಕ್ಕೇ ಬಿದ್ದಿತ್ತು. ಅಂದು ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದು ಒಪ್ಪಿಕೊಂಡೆ. ಅಷ್ಟರಮಟ್ಟಿಗೆ ಕಲಿತಿದ್ದೆ. ಉತ್ತರ ಮರುವರ್ಷ ದೊರೆಯಿತು. ಮರದ ತಿರುಳನ್ನು ಕರಗಿಸಿ ಮತ್ತೆ ಎಳೆ ಮಾಡುವಾಗ ಸರಪಳಿಗಳು ತುಂಡಾಗಿ ಕೆಲವು ನೂರು ಕೊಂಡಿಗಳಷ್ಟೇ ಉಳಿಯುತ್ತವೆ. ಒತ್ತಾಗಿ ಮಲಗಿದ ಭಾಗವೂ ಕಡಿಮೆ. ಗಿಡ್ಡ ಸರಪಳಿಗೆ ಹಿಡಿದುಕೊಳ್ಳಲು ಕೈಗಳೇ ಕಡಿಮೆ. ನೀರು ಬಂದರೆ ಭಾರ ಹಂಚಿಹೋಗುವ ಬದಲು ಸರಪಳಿಗಳೇ ಒಂದರಿಂದೊಂದು ಜಾರಿಹೋಗುತ್ತವೆ. ಸಾಮಾನ್ಯ ರೇಯಾನ್ ತೊಯ್ದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಇದನ್ನು ಹೇಳಿದಾಗ ಮಾವ, “ಗಿಡ್ಡ ಎಳಿ ಅರಳಿಯಿಂದ ಒಳ್ಳೇ ನೂಲು ಆಗೂದಿಲ್ಲ; ಒಳಗೂ ಅದ ಲೆಕ್ಕ ಅನ್ನು” ಎಂದ. ನಾನು ಒಂದು ವರ್ಷ ಹುಡುಕಿದ್ದನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿದ್ದ.

ಆದರೆ ಅವನ ಕಾಲುನೋವು ಸುಳ್ಳಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರು ಹತ್ತಿ ಗಿರಣಿಗಳ ಸೀಮೆಯಾಗಲು ಅಲ್ಲಿನ ತೇವದ ಹವೆಯೂ ಒಂದು ಕಾರಣವೆನ್ನುತ್ತಾರೆ. ಆ ತೇವವೂ ಸಾಲದೆ ಮಾಲಿಕರು ನೇಯ್ಗೆಯ ಕೋಣೆಗಳಿಗೆ ಉಗಿ ಬಿಡುತ್ತಿದ್ದರು. ನೂಲು ಉಳಿಯಿತು, ಕೂಲಿಕಾರರ ಎದೆ ಕೆಟ್ಟಿತು. ಅವರು ಹೋರಾಡಿದ ಮೇಲೆ ೧೮೮೯ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಆ ತೇವಕ್ಕೆ ಮಿತಿ ಹಾಕಬೇಕಾಯಿತು. ನೂಲಿಗೆ ಬೇಕಾದುದು ಮನುಷ್ಯನಿಗೆ ಬೇಡದಿರಬಹುದು. ಕುಣಿಯಲ್ಲಿ ಇಳಿಬಿಟ್ಟ ಕಾಲಿನ ನೋವನ್ನು ನಾನು ಕಂಡದ್ದು ತಪ್ಪಲ್ಲ. ಕುಣಿ ಏಕಿದೆಯೆಂದು ಕೇಳದೆ ಮುಚ್ಚಿಸಿದ್ದು ತಪ್ಪು. ಕೇಳಿದ್ದರೆ, ಕಟ್ಟೆಯ ಮೇಲಿನ ಮಗ್ಗದ ಕೆಳಗೆ ಮರಳು ಹಾಸಿ ನೀರು ಚಿಮುಕಿಸುವುದೋ, ಬದಿಗೆ ಒದ್ದೆ ಗೋಣಿತಟ್ಟು ಕಟ್ಟುವುದೋ, ತಗಡಿನ ಬದಲು ಮಣ್ಣಿನ ಮಾಳಿಗೆ ಹಾಕುವುದೋ, ಏನಾದರೊಂದು ಉಪಾಯವನ್ನು ಇಬ್ಬರೂ ಕೂಡಿ ಹುಡುಕುತ್ತಿದ್ದೆವು. ನೂಲಿನ ತಂಪು ನೂಲಿಗೆ ಉಳಿಯುತ್ತಿತ್ತು, ಕಾಲು ಕಾಲಿಗೆ ಉಳಿಯುತ್ತಿತ್ತು.

ಮಾವನ ಮಗ್ಗ ಮತ್ತೆ ಐದು ವರ್ಷ ನಡೆಯಿತು. ಹಿಂದಿನ ಕಳೆ ಬರಲಿಲ್ಲ. ವಿದ್ಯುತ್ ಮಗ್ಗಗಳು ಬಂದವು. ಅವುಗಳ ಹಿಂದೆಯೇ ಪಾಲಿಯೆಸ್ಟರ್ ಬಂತು. ಅದೂ ಸರಪಳಿಯಣುವೇ, ಆದರೆ ನೆರೆಯವನಿಗೆ ಚಾಚಲು ಅದರಲ್ಲಿ ಅಂಥ ಜಲಜನಕದ ಕೈಗಳಿಲ್ಲ. ನೂರು ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲಿ ಎಂಟು ಗ್ರಾಂನಷ್ಟು ನೀರನ್ನು ತನ್ನೊಳಗೆ ಇರಿಸಿಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಇರಿಸಿಕೊಳ್ಳದು. ಆದ್ದರಿಂದ ಅದು ಸುಕ್ಕುಗಟ್ಟದು, ಬೇಗ ಒಣಗುವುದು, ಒಣಹವೆಗೆ ಹೆದರದು. ಆದ್ದರಿಂದಲೇ ಬೆವರನ್ನೂ ಹೀರದು. ಇವೆರಡರ ನಡುವಿನದು ನೈಲಾನ್. ೧೯೩೫ರಲ್ಲಿ ಅಮೆರಿಕದ ಕರೋದರ್ಸ್ ಅದನ್ನು ಸೃಷ್ಟಿಸಿದಾಗ ಅದರ ಸರಪಳಿಗಳಲ್ಲಿ ಸಾರಜನಕಕ್ಕೆ ಅಂಟಿದ ಜಲಜನಕಗಳಿದ್ದವು. ಅವು ನೆರೆಯ ಸರಪಳಿಯನ್ನು ಹಿಡಿಯುವುದರಿಂದಲೇ ನೈಲಾನಿಗೆ ಅದರ ಬಿಗಿತ. ನಾರು ಯಾವುದೇ ಇರಲಿ, ಸರಪಳಿಗಳು ಒಂದನ್ನೊಂದು ಹೇಗೆ ಹಿಡಿದಿವೆಯೆಂದು ಕೇಳಿದರೆ ಅದರ ಅರ್ಧ ಸ್ವಭಾವ ತಿಳಿಯುತ್ತದೆ.

ಈಗ ನಮ್ಮ ನಾಡಿನ ಅನ್ನವೂ ಈ ಲೆಕ್ಕದಲ್ಲಿದೆ. ಕಿತ್ತೂರಿಗೆ ದೂರವಲ್ಲದ ಗರಗ ಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರಿನ ಧ್ವಜಕ್ಕೂ ಅನುಮತಿ ದೊರೆಯಿತು. ಅಗ್ಗವೂ ಬಾಳಿಕೆಯೂ ಅದರ ಗುಣಗಳು, ಅಲ್ಲವೆನ್ನಲಾರೆ. ಆದರೆ ಪಾಲಿಯೆಸ್ಟರಿನ ನೂಲಿಗೆ ಕುಣಿಯ ತಂಪು ಬೇಡ, ಜೋಳದ ನಾಡಿನ ಗಂಜಿ ಬೇಡ, ತಂಪನ್ನು ಬೆರಳಿನಿಂದ ಅಳೆಯಬಲ್ಲ ಮನುಷ್ಯನೂ ಬೇಡ. ಕೂಲಿಯೊಂದನ್ನೇ ಲೆಕ್ಕ ಹಾಕಿದರೆ ಈ ನಷ್ಟ ಕಾಣಿಸದು.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ಅವನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಪಡಸಾಲೆಗೆ ಟೈಲ್ಸ್ ಹಾಕಿದ್ದಾರೆ. ತರಗತಿಯಲ್ಲಿ ಆ ಪಾಠ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ನಿಮ್ಮ ಮನೆಯಲ್ಲಿ ಯಾರು ಏನನ್ನು ಒದ್ದೆ ಮಾಡಿ ಕೆಲಸ ಮಾಡುತ್ತಾರೆ?” ಕುಂಬಾರರ ಹುಡುಗ ಮಣ್ಣಿನ ವಿಷಯ ಹೇಳುತ್ತಿದ್ದ, ಬುಟ್ಟಿ ಹೆಣೆಯುವವರ ಹುಡುಗಿ ಬಿದಿರಿನ ಸೀಳನ್ನು ನೆನೆಯಿಡುವುದನ್ನು ಹೇಳುತ್ತಿದ್ದಳು. ಅವರು ಹೇಳಿದ ಮೇಲೆ ನಾನು ಕರಿಹಲಗೆಯ ಕಡೆ ತಿರುಗುತ್ತಿದ್ದೆ.

ತಿರುಗಿ ಬಂದ ಆ ನಾಲ್ಕನೆಯ ಸೀರೆಯನ್ನು ಅತ್ತೆ ಮಾರಲಿಲ್ಲ. ಎಂಟು ಹತ್ತು ವರ್ಷ ಉಟ್ಟು, ಹಳತಾದ ಮೇಲೆ ಕೌದಿಗೆ ಹಾಕಿ, ನನ್ನ ಮಗಳು ಹುಟ್ಟಿದಾಗ ಕಳಿಸಿಕೊಟ್ಟಳು. ಅದು ಇಂದಿಗೂ ನನ್ನ ಹಾಸಿಗೆಯ ಮೇಲಿದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೌದಿ ತುಸು ತಂಪು ಹಿಡಿದು ಮೆತ್ತಗಾಗುತ್ತದೆ. ನಿದ್ದೆ ಬಾರದ ರಾತ್ರಿಗಳಲ್ಲಿ ಅದರ ಮೇಲೆ ಕೈಯಾಡಿಸಿದರೆ, ಮಾವ ಆ ಬೇಸಗೆಯಲ್ಲಿ ತಗಡಿನ ಕೆಳಗೆ ಕುಳಿತು ಹಾಕಿದ ಗಂಟುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ.